ಐದನೇ ಹಾಡಿನ ನಡುವೆ

ಸೀಡಿ ಅಚ್ಚು ಹಾಕುವ ಕಾರ್ಖಾನೆಯದ್ದು ಒಂದು ನಿಯಮ. ಮೊದಲು ಒಂದೇ ಒಂದು ಮಾದರಿ ಮಾಡಿ ಕಳಿಸುತ್ತಾರೆ. ಹಾಡಿದವರು ಪೂರ್ತಿ ಕೇಳಿ ‘ಸರಿ’ ಅನ್ನಬೇಕು. ಅಂದಮೇಲೆ ಮುಗಿಯಿತು, ಯಾರಪ್ಪ ಬಂದರೂ ತಿದ್ದಲಾಗದು.

ಹಾಡಿದ್ದ ಬಸ್ ಡ್ರೈವರ್ ಆ ಮಾದರಿಯನ್ನು ಹೆಂಡತಿಯ ಕೈಗಿಟ್ಟ.

“ನೀನೇ ಕೇಳಿ ಹೇಳೇ. ನನ್ನ ದನಿ ಕೇಳಿದ್ರೆ ನನಗೇ ವಾಕರಿಕೆ ಬರುತ್ತೆ ಈಗ.”

ಹಗಲೆಲ್ಲ ಬಸ್ಸು ಓಡಿಸಿ, ಸಂಜೆ ಹಾಡಿ, ಅಳಿಸಿ, ಮತ್ತೆ ಹಾಡಿ ಹೈರಾಣಾಗಿದ್ದ. ಸ್ವಂತ ಹಾಡುಗಳದ್ದೊಂದು ಸೀಡಿ ತರಬೇಕೆನ್ನುವುದು ಮದುವೆಗೆ ಮುಂಚಿನ ಆಸೆ. ಕೂಡಿಟ್ಟದ್ದೆಲ್ಲ ಇದಕ್ಕೇ ಸುರಿದಾಗಿತ್ತು. ಇನ್ನೊಂದು ಸಲ ಮಾಡಿಸುವ ಮಾತೇ ಇರಲಿಲ್ಲ.

ಹೆಂಡತಿಯ ಸುಸ್ತೇನು ಕಡಿಮೆಯೇ? ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಯ ಕಾಲರ್ ಹೊಲಿಯುವವಳು. ಸೀಡಿ ಹಾಕಿ, ಕಾಲನ್ನು ಬಿಸಿನೀರಿನಲ್ಲಿಟ್ಟು ಕೂತಳು. ಮೊದಲ ಹಾಡು ಕೇಳಿದಳು, ಎರಡನೆಯದು ಅರ್ಧ ಕೇಳಿದಳು. ಎಚ್ಚರವಾದಾಗ ನೀರು ತಣ್ಣಗಾಗಿತ್ತು, ಸೀಡಿ ನಿಂತಿತ್ತು, ಸೀಡಿ ಮಾಡಿಸಿಕೊಡುವ ಅಂಗಡಿಯವನ ಫೋನು ಬಡಿದುಕೊಳ್ಳುತ್ತಿತ್ತು.

“ಅಕ್ಕಾ, ಎಲ್ಲಾ ಸರಿಯಿದ್ಯಾ? ಇವತ್ತು ಹೇಳಿದ್ರೆ ಮಾತ್ರ ಬಿಡುಗಡೆಗೆ ಸಿಗೋದು.”

“ಚೆನ್ನಾಗಿದೆ,” ಅಂದುಬಿಟ್ಟಳು. ಗಂಡನಿಗೂ ಅದನ್ನೇ ಹೇಳಿದಳು. ವರ್ಷಗಟ್ಟಲೆ ಗೋಡೆಯಾಚೆಯಿಂದ ಕಿವಿಗೆ ಬಿದ್ದ ಹಾಡುಗಳು, ಹೊಸದಾಗಿ ಕೇಳುವುದೇನಿದೆ ಅನ್ನಿಸಿತ್ತು.

ಬಿಡುಗಡೆಯ ಹಿಂದಿನ ದಿನ ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಮಂಚದ ಮೇಲೆ ಅವೇ, ಕುರ್ಚಿಗಳ ಮೇಲೂ ಅವೇ. ಹೊದಿಕೆ ಕಾಗದ ಮಡಚಿ ಡಬ್ಬಿಗೆ ಸೇರಿಸುವುದು ಮನೆಯವರದ್ದೇ ಕೆಲಸ. ರಜೆ ಹಾಕಿ, ಕೂರಲು ಜಾಗವಿಲ್ಲದೆ ಮೇಜಿನ ಮುಂದೆ ನಿಂತು ಮಡಚತೊಡಗಿದಳು. ಬೇಜಾರು ಕಳೆಯಲಿ ಎಂದು ಒಂದು ಸೀಡಿ ಹಾಕಿದಳು.

ಐದನೇ ಹಾಡಿನ ನಡುವೆ ವಾದ್ಯ ತಟ್ಟನೆ ನಿಂತಿತು. ಗಂಡನ ದನಿ:

“ನಿಲ್ಸಪ್ಪಾ. ಮೊದಲಿಂದ ಹಾಡ್ತೀನಿ.”

“ಚೆನ್ನಾಗೇ ಬಂತಲ್ಲಣ್ಣ,” ಅಂದವನು ಧ್ವನಿಮುದ್ರಣದವನು.

“ಇಲ್ಲ, ಇದು ನನ್ನ ಹೆಂಡ್ತಿ ಮೇಲೆ ಕಟ್ಟಿದ್ದು. ಅವಳು ಕೇಳಲ್ಲ ಬಿಡು, ಪಾಪ, ದಣಿದಿರ್ತಾಳೆ. ಕೇಳಲ್ಲ ಅಂತ ಹೆಂಗೆಂಗೋ ಹಾಡೋಕಾಗುತ್ತಾ?”

ಹಾಡು ಮತ್ತೆ ಮೊದಲಿಂದ ಶುರುವಾಯಿತು. ಅವಳು ಗಾಬರಿಯಿಂದ ನಿಲ್ಲಿಸಿದಳು. ಬೇರೆ ಪೆಟ್ಟಿಗೆಯದನ್ನು ಹಾಕಿದಳು, ಅಲ್ಲೂ ಅದೇ. ಕತ್ತರಿಸಬೇಕಾದ ಮಾತನ್ನು ಧ್ವನಿಮುದ್ರಣದವನು ಮರೆತಿದ್ದ. ಅಂಗಡಿಯವನು ಪ್ರತಿ ಹಾಡಿನ ಶುರುವನ್ನಷ್ಟೇ ಕೇಳುವವನು. ಉಳಿದದ್ದಕ್ಕೆ ಎಲ್ಲರೂ ನಂಬಿದ್ದು ಇವಳ ಕಿವಿಯನ್ನು.

ತನ್ನ ಮೇಲೆ ಸಿಟ್ಟು, ಅವನ ಮೇಲೂ ಸಿಟ್ಟು. ಹೊರಗಿನವರ ಮುಂದೆ ಆಡುವ ಮಾತನ್ನು ಮನೆಯಲ್ಲೊಮ್ಮೆ ಆಡಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಸಂಜೆ ಅವನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿಯೇಬಿಟ್ಟಳು.

“ರೀ, ಐದನೇ ಹಾಡು ಕೆಟ್ಟಿದೆ. ನೀವು ನನ್ನ ಬಗ್ಗೆ ಆಡಿದ ಮಾತು ಅದರಲ್ಲೇ ಉಳ್ಕೊಂಡಿದೆ. ಅವತ್ತು ನಾನು ಪೂರ್ತಿ ಕೇಳಿರ್ಲಿಲ್ಲ. ನಿದ್ದೆ ಬಂದ್ಬಿಡ್ತು.”

ಅವನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದ. ಬೈಯುವುದಕ್ಕೂ ತ್ರಾಣವಿಲ್ಲದವನಂತೆ ಹೊಸ್ತಿಲ ಮೇಲೇ ಕುಸಿದ.

“ಎಲ್ಲಾದ್ರಲ್ಲೂನಾ?”

“ಎಲ್ಲಾದ್ರಲ್ಲೂ.”

“ಇದನ್ನ ಹೆಂಗೆ ನಾಳೆ ಜನರ ಕೈಗೆ ಕೊಡ್ಲಿ? ನಗ್ತಾರೆ.”

“ನಕ್ರೆ ನನ್ನನ್ನ ನೋಡಿ ನಗ್ತಾರೆ. ಕೊಡಿ.”

ಅವನು ತಲೆಯೆತ್ತಲಿಲ್ಲ. ಹಾಗೆಯೇ ಕೇಳಿದ:

“ಆಮೇಲೆ ಹಾಡಿದ್ದಾದ್ರೂ ಚೆನ್ನಾಗಿ ಬಂದಿದ್ಯಾ?”

“ಕೇಳಿಲ್ಲ. ನೀವು ಬರ್ಲಿ ಅಂತ ನಿಲ್ಲಿಸಿದ್ದೆ.”

ಅವನು ಎದ್ದು ಒಂದು ಕುರ್ಚಿಯ ಮೇಲಿನ ಪೆಟ್ಟಿಗೆ ಇಳಿಸಿ ಅವಳತ್ತ ಎಳೆದ. ಅವಳು ಬೇಡವೆಂದು ತಲೆಯಾಡಿಸಿದಳು.

“ನೀವು ಕೂತ್ಕೊಳ್ಳಿ. ನಾನು ಕೂತ್ರೆ ಕಣ್ಣು ಮುಚ್ಚುತ್ತೆ. ನಿಂತ್ಕೊಂಡೇ ಕೇಳ್ತೀನಿ.”