ಚಾಂದಬಿ ಕೌದಿ ಕುದಿಸಿದ್ದು

ಜಾವೇದ ಮನೆಯ ಎಂಟೂ ಕೌದಿಗಳನ್ನು ಅಂಗಳಕ್ಕೆ ತಂದು ರಾಶಿ ಹಾಕಿದ. ಕಡ್ಡಿಪೆಟ್ಟಿಗೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನ ತಾಯಿ ಚಾಂದಬಿ ಆ ರಾಶಿಯ ಮೇಲೆ ಕಾಲು ಚಾಚಿ ಕುಳಿತುಬಿಟ್ಟಿದ್ದಳು.

“ಏಳ ಅವ್ವಾ.”

“ಏಳೂದಿಲ್ಲ. ಹಚ್ಚೂದಿದ್ರ ನನ್ನ ಕೂಡೇನ ಹಚ್ಚು.”

ಹಿಂದಿನ ದಿನ ಅವನು ಏಳು ವರ್ಷದ ಮಗಳು ನೀಲಂಳನ್ನು ಹಳಿಯಾಳದ ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಮಳೆಗಾಲವಿಡೀ ಹುಡುಗಿಗೆ ಉಬ್ಬಸ. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಸೇದಿಕೊಳ್ಳುವುದನ್ನು ನೋಡಿ ನೋಡಿ ಜಾವೇದ ಕಬ್ಬಿನ ಕೆಲಸಕ್ಕೂ ಸರಿಯಾಗಿ ಹೋಗುತ್ತಿರಲಿಲ್ಲ. ಡಾಕ್ಟರು ಬಾಯಿಗೆ ಹಿಡಿದು ಸೇದುವ ಪಂಪು ಬರೆದುಕೊಟ್ಟರು. ಹಳೆಯ ಹಾಸಿಗೆ ಹೊದಿಕೆಗಳ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ, ಇವಳಿಗೆ ಅದೇ ಆಗಿಬರುವುದಿಲ್ಲ, ಎಲ್ಲ ಹೊರಗೆ ಹಾಕಿಬಿಡಿ ಎಂದರು. ಹೊರಗೆ ಹಾಕುವುದು ಎಂದರೆ ಸುಡುವುದು ಎಂದು ಜಾವೇದ ತಾನೇ ತೀರ್ಮಾನಿಸಿಕೊಂಡು ಬಂದಿದ್ದ.

“ನಿನಗ ಮೊಮ್ಮಗಳಿಗಿಂತ ಈ ಚಿಂದಿ ಅರಬಿ ಹೆಚ್ಚಾತೇನು?” ಎಂದು ಅವನು ಕೂಗಿದ.

ಆ ಮಾತು ಚಾಂದಬಿಗೆ ನಾಟಿತು. ಹಳೆಯ ಬಟ್ಟೆ ಪದರಿಟ್ಟು ಆ ಎಂಟನ್ನೂ ಹೊಲಿದವಳು ಅವಳೇ; ಸಿದ್ದಿಯರ ಆ ಕೇರಿಯಲ್ಲಿ ಅವಳಷ್ಟು ಒತ್ತಾಗಿ ಹೊಲಿಗೆ ಹಾಕುವವರು ಇನ್ನೊಬ್ಬರಿರಲಿಲ್ಲ. ಆದರೂ ಅವಳು ಅಳಲಿಲ್ಲ.

“ಇವತ್ತು ಸುಡ್ತಿ. ಬರೋ ತಿಂಗಳ ಥಂಡಿಗೆ ಆ ಕೂಸಿಗೆ ಏನ ಹೊಚ್ಚತಿ? ನಿನ್ನ ಡಾಕ್ಟರ್ ಕಳಸ್ತಾನೇನು ಎಂಟು ರಗ್ಗು?”

ಜಾವೇದ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಇಳಿಸಿದ.

“ಹುಳ ಅದಾವು ಅಂದ್ರಲ್ಲ, ಕಾಣದ ಹುಳಕ್ಕೂ ಕುದಿಯೋ ನೀರು ಸುಡತೈತಿ. ಹಂಡೆ ಹೊರಗ ತಗಿ.”

ಸೊಸೆ ಬೀಬಿಜಾನ ಮಗಳನ್ನು ಕೇರಿಯ ಆ ತುದಿಯಲ್ಲಿದ್ದ ತಂಗಿಯ ಮನೆಗೆ ಬಿಟ್ಟು ಬಂದಳು. ಭತ್ತ ಕುದಿಸುವ ದೊಡ್ಡ ಹಂಡೆ ಅಂಗಳದ ಒಲೆ ಏರಿತು. ಕೌದಿಗಳನ್ನು ಒಂದೊಂದಾಗಿ ಇಳಿಬಿಟ್ಟು, ಚಾಂದಬಿ ಬಡಿಗೆಯಿಂದ ಒತ್ತಿ ಒತ್ತಿ ಮುಳುಗಿಸಿದಳು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಚೆಲ್ಲಿದರು, ಮತ್ತೆ ಕಾಯಿಸಿದರು. ನೆನೆದ ಕೌದಿ ಒಬ್ಬರಿಂದ ಏಳುವ ಭಾರವಲ್ಲ. ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು ಹಿಂಡುತ್ತಿದ್ದರು. ಜಾವೇದ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದು, ಕಡೆಗೆ ತಾನೇ ಎದ್ದು ಕೊಡ ತೆಗೆದುಕೊಂಡು ಬೋರಿನ ಕಡೆ ನಡೆದ.

ಏಳು ಕೌದಿ ಬೇಲಿಯ ಮೇಲೆ ಬಿಸಿಲಿಗೆ ಬಿದ್ದವು. ಎಂಟನೆಯದು ಚಾಂದಬಿಯದೇ. ಮದುವೆಯಾದ ವರ್ಷ ಹೊಲಿದದ್ದು. ಹರಿದಲ್ಲೆಲ್ಲ ಹೊಸ ಬಟ್ಟೆ ಕೂಡಿಸುತ್ತ ಬಂದು ನಾಲ್ಕು ಬೆರಳು ದಪ್ಪವಾಗಿತ್ತು. ನೀಲಂ ದಿನಾ ಮಲಗುತ್ತಿದ್ದುದು ಅಜ್ಜಿಯ ಮಗ್ಗುಲಲ್ಲಿ, ಅದರೊಳಗೇ. ಹಂಡೆಗೆ ಇಳಿಸುವ ಮೊದಲು ಚಾಂದಬಿ ಒಂದು ಅಂಚನ್ನು ಮೂಗಿಗೆ ಹಿಡಿದು ನೋಡಿದಳು. ಮುಗ್ಗಲು ವಾಸನೆ ಹೊಡೆಯಿತು. ಈಳಿಗೆಯ ಅಲಗಿಗೆ ಹಿಡಿದು ಹೊಲಿಗೆ ಬಿಚ್ಚಿದಳು. ಮೇಲಿನ ಪದರಗಳು ಚೆನ್ನಾಗಿದ್ದವು. ನಡುವಿನವು ಬೂಸ್ಟು ಹಿಡಿದು ಕಪ್ಪಾಗಿದ್ದವು. ಮುಟ್ಟಿದರೆ ಪುಡಿಯಾಗಿ ಮೇಲೆದ್ದು ಅವಳಿಗೇ ಸೀನು ಬಂತು.

ಚಾಂದಬಿ ಮೇಲಿನ ಎರಡು ಪದರ ಕಿತ್ತು ಬೀಬಿಜಾನಳ ಕೈಗೆ ಕೊಟ್ಟಳು. ಉಳಿದದ್ದನ್ನು ಮುದ್ದೆ ಮಾಡಿ ಹಂಡೆಯ ಕೆಳಗಿನ ಬೆಂಕಿಗೆ ತಾನೇ ತುರುಕಿದಳು. ಮಗ ತನ್ನನ್ನೇ ನೋಡುತ್ತಿರುವುದು ಕಂಡು ಬಡಿಗೆ ಎತ್ತಿ ತೋರಿಸಿದಳು.

“ನೀ ಹೇಳಿದಿ ಅಂತ ಸುಟ್ಟಿಲ್ಲ. ನಾ ನೋಡೇನಿ ಅಂತ ಸುಟ್ಟೇನಿ. ತಿಳೀತೇನು?”

ಅಷ್ಟಕ್ಕೆ ಬಿಡಲಿಲ್ಲ ಅವಳು. ಮಲಗುವ ಖೋಲಿಯಲ್ಲಿ ಬುಟ್ಟಿಯ ಕೆಳಗೆ ಕೂರುತ್ತಿದ್ದ ಕೋಳಿಗಳಿಗೆ ಹಿತ್ತಲಲ್ಲಿ ಗೂಡು ಮಾಡಿಸಿದಳು. ನಡುಮನೆಯ ಒಲೆ ಕಿತ್ತು ಹೊರಗಿನ ಚಪ್ಪರಕ್ಕೆ ಸಾಗಿಸಿದಳು. ಧೂಳು ಏಳದಂತೆ ಹಸಿ ಬಟ್ಟೆಯಿಂದಲೇ ಜಂತಿ ಒರೆಸಿದಳು. ಮಗ ಏಣಿ ಹಿಡಿದಿದ್ದ. ಹದಿನೈದು ದಿನಕ್ಕೊಮ್ಮೆ ಕೌದಿ ಕುದಿಸುವುದೆಂದು ಅವಳೇ ಕಟ್ಟುನಿಟ್ಟು ಮಾಡಿದಳು.

ತಿಂಗಳ ನಂತರ ಮೊಮ್ಮಗಳನ್ನು ಕರೆದುಕೊಂಡು ದವಾಖಾನೆಗೆ ತಾನೇ ಹೋದಳು. ಡಾಕ್ಟರು ನೀಲಂಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

“ಬಾಳ ಕಡಿಮಿ ಆಗೇತಿ. ಎಲ್ಲಾ ಹೊರಗ ಹಾಕಿದ್ರೇನು?”

“ಇಲ್ರಿ. ಒಂದರ ಹೊಟ್ಟಿ ಮಾತ್ರ ತಗದೇನ್ರಿ. ಉಳಿದಿದ್ದು ಕುದಿಸೇನಿ. ಹೊರಗ ಹಾಕ್ರಿ ಅನ್ನೂದು ನಿಮಗ ಹಗುರ ಆತು. ನಮ್ಮ ಮನಿಯಾಗ ಇನ್ನೇನ ಐತಿ ಅಂತ ಒಂದ ಮಾತ ಕೇಳಬೇಕಾಗಿತ್ತು ನೀವು.”

ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ತಲೆ ತಗ್ಗಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಖರೇ. ಕೇಳಬೇಕಿತ್ತು,” ಎಂದರು. “ಎಷ್ಟೊತ್ತು ಕುದಿಸಿದ್ರಿ? ಹೇಳ್ರಿ, ಬ್ಯಾರೇದವ್ರಿಗೂ ಹೇಳ್ತೇನಿ.”

ಚಾಂದಬಿ ಹೇಳಿದಳು. ಪಂಪು ಮಾತ್ರ ಬಿಡಬಾರದು ಎಂದು ಅವರು ಎರಡೆರಡು ಸಲ ಹೇಳಿದ್ದಕ್ಕೆ ಹೂಂಗುಟ್ಟಿದಳು.

ಜನವರಿಯ ಚಳಿಯಲ್ಲಿ ನೀಲಂಗೆ ಮತ್ತೊಮ್ಮೆ ಉಸಿರು ಕಟ್ಟಿತು. ಪಂಪು ಸೇದಿದ ಮೇಲೆ ಇಳಿಯಿತು. ಆ ಮಧ್ಯಾಹ್ನ ನೆರೆಯ ಶಂಕ್ರೆವ್ವ ಬಂದವಳು, “ಆ ಹಳೀ ಅರಬಿ ಇನ್ನೂ ಇಟ್ಟಿರೇನು? ತಿಪ್ಪಿಗೆ ಒಗೀರಿ ಅತ್ಲಾಗ,” ಎಂದು ಮೂಗು ಮುರಿದಳು.

ಚಾಂದಬಿ ಬಾಯಿ ತೆರೆಯುವ ಮೊದಲೇ ಜಾವೇದ ಮಾತಾಡಿದ.

“ಅವು ನಮ್ಮವ್ವ ಹೊಲಿದಾವು, ಶಂಕ್ರೆವ್ವಕ್ಕಾ. ನಿಮ್ಮನಿ ಗಾದಿಗಿಂತ ಸ್ವಚ್ಛ ಅದಾವು. ಮೂಸಿ ನೋಡ್ರಿ ಬೇಕಾದ್ರ.”