ತಲಾ ಎರಡು ಲಕ್ಷ

ಯಾವ ದೇಶದಲ್ಲಿ ಉಳ್ಳವರ ಮನೆಗೂ ಇಲ್ಲದವರ ಮನೆಗೂ ಎಷ್ಟು ಅಂತರ ಎಂದು ಹೋಲಿಸಿ ನೋಡುವ ಹದಿನಾಲ್ಕು ದೇಶಗಳ ಸಮೀಕ್ಷೆಯೊಂದು ತಾಳವಾಡಿಗೂ ಬಂತು. ಮನೆಮನೆ ತಿರುಗಿ ಬರೆಯುವ ಕೆಲಸ ನನ್ನದಾಯಿತು. ಎಲ್ಲ ದೇಶಕ್ಕೂ ಒಂದೇ ನಿಯಮ: ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಕುಟುಂಬ, ಅವರ ವರ್ಷದ ಆದಾಯವನ್ನು ಎಲ್ಲರಿಗೂ ಸಮನಾಗಿ ಭಾಗಿಸಬೇಕು. ಈ ನಿಯಮ ಮಾಡಿದವರು ಯಾವ ಕೂಡುಕುಟುಂಬದಲ್ಲೂ ಒಂದು ದಿನ ಉಂಡವರಲ್ಲ ಎಂದು ಈಗ ಅನ್ನುತ್ತೇನೆ. ಆಗ ನನಗೂ ಅದು ಸರಿಯಾಗಿಯೇ ಕಂಡಿತ್ತು.

ಜೀರಹಳ್ಳಿ ದಾರಿಯ ಷಡಕ್ಷರಿಯ ಮನೆಯಲ್ಲಿ ಆರು ಜನ: ಅವನು, ಹೆಂಡತಿ, ಇಬ್ಬರು ಮಕ್ಕಳು, ತಮ್ಮ ಸ್ವಾಮಿ, ಸ್ವಾಮಿಯ ಹೆಂಡತಿ ಶ್ವೇತ. ಎಲೆಕೋಸು, ಅರಿಶಿನ, ಬಾಳೆ ಸೇರಿ ವರ್ಷಕ್ಕೆ ಹನ್ನೆರಡು ಲಕ್ಷ ಎಂದು ಷಡಕ್ಷರಿ ಜಗಲಿಯ ಮೇಲೆ ಕೂತು ಮೀಸೆ ತಿರುವುತ್ತ ಬರೆಸಿದ. ಅದನ್ನೆಲ್ಲ ಬೆಳೆದವನು ಸ್ವಾಮಿ. ಕ್ಷೌರಕ್ಕೂ ಅಣ್ಣನ ಮುಂದೆ ಕೈಚಾಚುತ್ತಿದ್ದವನೂ ಅವನೇ. ಶ್ವೇತಳ ಹೊಟ್ಟೆಯ ಗಡ್ಡೆ ತೆಗೆಸಲು ಅಣ್ಣ ಮೂರು ತಿಂಗಳಿಂದ ದುಡ್ಡು ಬಿಚ್ಚಿರಲಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ನನ್ನ ಕೈಲಿದ್ದ ಸಮೀಕ್ಷೆಯ ಟ್ಯಾಬ್ ಲೆಕ್ಕ ಮಾಡಿತು. ದೊಡ್ಡ ಬುದ್ಧಿವಂತೆಯಂತೆ ನಾನು ಅದನ್ನು ಗಟ್ಟಿಯಾಗಿ ಓದಿದೆ: ಈ ಮನೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಲಕ್ಷ, ಹದಿನಾಲ್ಕು ದೇಶಗಳಲ್ಲಿ ನಿಮ್ಮದು ಅನುಕೂಲಸ್ಥರ ಸಾಲು.

ಅಂಗಳದಲ್ಲಿ ಗುದ್ದಲಿ ತೊಳೆಯುತ್ತಿದ್ದ ಸ್ವಾಮಿ ಅದನ್ನು ಅಲ್ಲೇ ಬಿಟ್ಟು ಬಂದ.

"ಅಣ್ಣ, ನಂದು ಇವುಳ್ದು ಸೇರಿ ನಾಕ್ ಲಕ್ಸ ಆಯ್ತು. ಆಪ್ರೇಸನ್‌ಗೆ ಒಂದ್ ಕೊಡು, ಸಾಕು."

"ಮೂರೊತ್ತು ಉಣ್ತಿಲ್ವೇನ್ಲಾ? ಅದೇ ಕಣ್ಲಾ ನಿನ್ ಪಾಲು," ಎಂದು ಷಡಕ್ಷರಿ ಕೆನ್ನೆಗೆ ಬಿಗಿದ.

ಸ್ವಾಮಿ ಅಣ್ಣನ ಕುತ್ತಿಗೆಗೆ ಕೈ ಹಾಕಿ ಜಗಲಿಯಿಂದ ಅಂಗಳಕ್ಕೆ ಕೆಡವಿದ. ಬಿದ್ದವನ ಬಾಯಿಗೆ ಒದ್ದ. ಎರಡು ಹಲ್ಲು ಮಣ್ಣಿಗೆ ಬಿದ್ದವು. ಶ್ವೇತ ಗಂಡನ ಸೊಂಟ ಹಿಡಿದು ಎಳೆದಳು. ಅಷ್ಟರಲ್ಲಿ ಷಡಕ್ಷರಿಯ ಕೈಗೆ ಗುದ್ದಲಿ ಸಿಕ್ಕಿತ್ತು. ಮೊದಲ ಏಟು ಸ್ವಾಮಿಯ ಭುಜ ಮುರಿಯಿತು. ನಾನು ಷಡಕ್ಷರಿಯ ತೋಳಿಗೆ ಜೋತುಬಿದ್ದೆ. ಅವನು ಮೊಣಕೈಯಲ್ಲಿ ತಿವಿದ ರಭಸಕ್ಕೆ ನನ್ನ ಮೂಗಿನಿಂದ ರಕ್ತ ಸುರಿಯಿತು. ಎರಡನೆಯದು ಸ್ವಾಮಿಯ ತಲೆಗೆ ಬಿತ್ತು. ತಮ್ಮ ನೆಲಕ್ಕುರುಳಿದ ಮೇಲೂ ಆ ನೀಚ ಇನ್ನೆರಡು ಹಾಕಿದ. ದಿಂಬಂ ಘಾಟಿ ಇಳಿಯುವ ಮೊದಲೇ ಆಂಬುಲೆನ್ಸಿನಲ್ಲಿ ಸ್ವಾಮಿಯ ಉಸಿರು ನಿಂತಿತು.

ತಿಂಗಳಾದ ಮೇಲೆ ಮೇಲಿನವರು ಆ ಮನೆಯನ್ನು ಮತ್ತೆ ಬರೆದು ತರಲು ಹೇಳಿದರು. ಸತ್ತವರನ್ನೂ ಜೈಲಿನಲ್ಲಿರುವವರನ್ನೂ ಲೆಕ್ಕಕ್ಕೆ ಹಿಡಿಯಬಾರದಂತೆ. ಮನಸ್ಸಿಲ್ಲದಿದ್ದರೂ ಹೋದೆ. ಹನ್ನೆರಡು ಲಕ್ಷ ಹಾಗೇ ಇತ್ತು, ಜನ ನಾಲ್ವರು. ಆ ಮನೆ ಹದಿನಾಲ್ಕು ದೇಶಗಳ ಪಟ್ಟಿಯಲ್ಲಿ ಇನ್ನೂ ಮೇಲೇರಿತು.

ಶ್ವೇತ ಹೊಸಿಲ ಬಳಿ ಹೊಟ್ಟೆ ಹಿಡಿದು ಕೂತಿದ್ದಳು. ಆಪರೇಷನ್ ಆಗಿರಲಿಲ್ಲ, ದುಡ್ಡಿನ ಬೀಗದ ಕೈ ಈಗ ಓರಗಿತ್ತಿಯ ಸೊಂಟದಲ್ಲಿತ್ತು. ತನ್ನ ಪಾಲು ಎಷ್ಟು ಬಂತು ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮೂರು ಲಕ್ಷ ಎಂದೆ.

"ಅವತ್ತು ಎಲ್ಡು ಅಂದಿದ್ರಿ ಕಣಕ್ಕ," ಎಂದಳು. "ಇನ್ನೊಂದು ಯಾರ್ದು?"

ಅದು ಅವಳ ಗಂಡನದು. ನಾನು ಟ್ಯಾಬ್ ಆರಿಸಿ ಚೀಲಕ್ಕೆ ಹಾಕಿದೆ.