ಕಂಕುಳಲ್ಲಿ ಬಂದ ರಕ್ತ

ನಮ್ಮಕ್ಕ ಶೀತಲಗೃಹದಲ್ಲಿ ಚೀಲಗಳಿಗೆ ಬಟಾಣಿ ತುಂಬುವವಳು. ಒಳಗೆ ಹೋದರೆ ಅವಳ ಬೆರಳು ನೀಲಿಗಟ್ಟುತ್ತಿತ್ತು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಮೇಸ್ತ್ರಿ ಅದೆಲ್ಲ ಸೋಗು ಎಂದ. ಬಟಾಣಿ ಬಾಡಿದರೆ ಓಡಿ ಬರುವ ಆಸಾಮಿ, ತುಂಬುವ ಕೈ ಬಾಡಿದ್ದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವಳು ಚೀಲಗಳ ಮೇಲೆಯೇ ಕುಸಿದಾಗ ಜೊತೆಗೆ ದುಡಿಯುವ ನಾವು ಹೆಂಗಸರೆಲ್ಲ ಕೆಲಸ ಬಿಟ್ಟು ಆಸ್ಪತ್ರೆಗೆ ಹೊತ್ತೊಯ್ದೆವು.

ಕಣ್ಣು ಹಳದಿ, ತುಟಿ ಬಿಳಿ. ರಕ್ತ ಕೊಡಲೇಬೇಕು; ಆದರೆ ಇರುವುದು ಯಾಕೆ ಒಡೆದುಹೋಗುತ್ತಿದೆಯೆಂದು ತಿಳಿಯದೆ ಕೊಟ್ಟರೆ ಕೊಟ್ಟದ್ದೂ ಉಳಿಯಲಿಕ್ಕಿಲ್ಲ ಎಂದರು ಡಾಕ್ಟರು. ರಕ್ತದ ನಳಿಕೆಯನ್ನು ಅಂಗಳದಾಚೆಯ ಪ್ರಯೋಗಾಲಯಕ್ಕೆ ಮುಟ್ಟಿಸುವ ಕೆಲಸ ಭಾವನ ಪಾಲಿಗೆ ಬಂತು. ಭಾವ ಐಸ್ ಕಾರ್ಖಾನೆಯವನು. ತಣ್ಣಗಿಟ್ಟರೆ ಯಾವುದೂ ಕೆಡುವುದಿಲ್ಲವೆಂದು ನಂಬಿ ಬದುಕಿದವನು. ಯಾರನ್ನೂ ಕೇಳದೆ ಗೇಟಿನ ಬಳಿಯ ಅಂಗಡಿಯಿಂದ ಐಸ್ ತಂದು, ನಳಿಕೆಯನ್ನು ಅದರಲ್ಲಿ ಹೂತು ಒಯ್ದ. ನಾನೂ ಹಿಂದೆ ಹೋದೆ.

ಪ್ರಯೋಗಾಲಯದ ಮೇಡಂ ನಳಿಕೆ ವಾಲಿಸಿದರು. ರಕ್ತ ಮರಳಿನಂತೆ ಹರಳುಹರಳಾಗಿ ಗಾಜಿಗೆ ಅಂಟಿತ್ತು. ಯಂತ್ರ ಕೊಟ್ಟ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಈಗ ಬೈಗುಳ ಬಿತ್ತು ಎಂದುಕೊಂಡೆ. ಅವರು ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾಗಿಸಿದರು. ಮುಷ್ಟಿ ಬಿಚ್ಚಿದಾಗ ಹರಳುಗಳು ಅರೆವಾಸಿ ಮಾಯ.

"ಐಸಲ್ಲಿ ತಂದ್ರಾ?"

"ಕೆಡಬಾರ್ದು ಅಂತ, ಮೇಡಂ."

"ಕೆಡಿಸಿದ್ದೂ ಹೌದು, ಸುಳಿವು ಕೊಟ್ಟಿದ್ದೂ ಹೌದು. ಐಸಲ್ಲಿಟ್ರೆ ಯಾರ ರಕ್ತಾನೂ ಚೂರು ಅಂಟುತ್ತೆ, ಇಷ್ಟೊಂದಲ್ಲ. ಹೊಸದಾಗಿ ತೆಗೆಸಿ ತನ್ನಿ. ಮೈಬಿಸಿ ಆರಬಾರ್ದು ನೋಡಿ."

ಬೆಚ್ಚಗಿಡುವ ಪೆಟ್ಟಿಗೆ ಕೇಳಿದರೆ, ಅದು ಎಂದೋ ಹಾಳಾಗಿತ್ತು. ಆಸ್ಪತ್ರೆಯ ಮುಂಬಾಗಿಲಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಭಾವ ಹೊಸದಾಗಿ ತೆಗೆಸಿದ ರಕ್ತದ ನಳಿಕೆಯನ್ನು ಅಂಗಿಯೊಳಗೆ ಕಂಕುಳಲ್ಲಿ ಅವುಚಿಕೊಂಡು, ಮೊಣಕೈ ಅಲ್ಲಾಡಿಸದೆ ಹೊರಟ.

"ರೆಕ್ಕೆ ಮುರಿದ ಹುಂಜ," ಎಂದು ಅಕ್ಕ ಹಾಸಿಗೆಯಲ್ಲೇ ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

ಪ್ರಯೋಗಾಲಯದ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿಟ್ಟ ಮೇಲೆ ಅಂಕಿಗಳು ತಾಳೆಯಾದವು. ಮೇಡಂ ಕೆಂಪುಕಣಗಳನ್ನು ಬೆಚ್ಚನೆಯ ಉಪ್ಪುನೀರಲ್ಲಿ ತೊಳೆದು ತೊಳೆದು, ಪರೀಕ್ಷೆಯ ದ್ರವ ಬಿಟ್ಟರು. ಕಣಗಳು ಮತ್ತೆ ಗುಂಪುಗಟ್ಟಿದವು. ಇದಕ್ಕೆ ಕೂಂಬ್ಸ್ ಪರೀಕ್ಷೆ ಎನ್ನುತ್ತಾರೆ. ಮೈಯ ಕಾವಲುಪಡೆಯೇ ಸ್ವಂತ ರಕ್ತದ ಮೇಲೆ ಕೈ ಮಾಡಿದೆ, ಅದರ ಗುರುತು ಕಣಕ್ಕೆ ಮೆತ್ತಿದೆ, ತಂಪೇ ಅದಕ್ಕೆ ಕುಮ್ಮಕ್ಕು ಎಂದು ಬಿಡಿಸಿ ಹೇಳಿದರು. ಅಂದೇ ಅಕ್ಕನಿಗೆ ಹೊಂದುವ ರಕ್ತವನ್ನು ಬೆಚ್ಚಗೆ ಮಾಡಿ ಏರಿಸಿದರು. ತುಟಿಗೆ ಬಣ್ಣ ಮರಳಿತು.

ಮನೆಗೆ ಹೊರಡುವ ದಿನ ಅಕ್ಕ ಮೇಡಂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ನನಗ್ಯಾಕಮ್ಮ ಥ್ಯಾಂಕ್ಸು, ನಿಮ್ಮ ಯಜಮಾನ್ರ ಕಂಕುಳಿಗೆ ಹೇಳಿ," ಎಂದರು ಅವರು.

ಅಕ್ಕ ಈಗ ಬಿಸಿಲು ಬೀಳುವ ಕೋಣೆಯಲ್ಲಿ ಚೀಟಿ ಅಂಟಿಸುತ್ತಾಳೆ. ಆ ಜಾಗ ಕೊಡುವವರೆಗೆ ನಾವ್ಯಾರೂ ಬಟಾಣಿ ಮುಟ್ಟಲಿಲ್ಲ. ಮೇಡಂಗೆ ಹೂಮಾಲೆ ಹಾಕೋಣವೆಂದು ಒಬ್ಬಳು ಅಂದಳು. ಮಾಲೆ ನಾಳೆಗೆ ಬಾಡುತ್ತದೆ ಎಂದಳು ಅಕ್ಕ. ಅದಕ್ಕೇ ನಾವೆಲ್ಲ ಆಸ್ಪತ್ರೆಯ ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂತಿದ್ದೇವೆ, ರಕ್ತ ಬೆಚ್ಚಗಿಡುವ ಹೊಸ ಪೆಟ್ಟಿಗೆ ತರಿಸುವವರೆಗೆ ಏಳುವುದಿಲ್ಲವೆಂದು. ನಡುವೆ ಅಕ್ಕ, ಭಾವ ಹೊದಿಸಿದ ಶಾಲಿನಲ್ಲಿ.